ಗಾಂಜಾ ಮತ್ತು ಜೀನ್: ಹೆದರಿಸಬೇಡಿ, ಇರುವುದನ್ನು ಹೇಳಿ

ನಮಸ್ಕಾರ. ಗಾಂಜಾ ಸೇದಿದರೆ ಡಿಎನ್‌ಎ ಹಾಳಾಗುತ್ತದೆ, ಮೊಮ್ಮಕ್ಕಳ ಕಾಲದವರೆಗೂ ಅದು ಬಿಡುವುದಿಲ್ಲ ಅನ್ನುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಅದರ ಕೆಳಗೇ ಇನ್ಯಾರೋ "ಸುಮ್ನೆ ಒಂದು ಗಿಡ, ಏನೂ ಆಗಲ್ಲ" ಅಂತ ಬರೆದಿರುತ್ತಾರೆ. ನನಗೆ ಇಬ್ಬರ ಮೇಲೂ ಸಿಟ್ಟಿದೆ. ಹೆದರಿಸುವವರ ಮೇಲೆ ಸ್ವಲ್ಪ ಜಾಸ್ತಿ. ಹದಿನಾರರ ಹುಡುಗನಿಗೆ ಒಂದು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮುಗಿಯಿತು. ಆಮೇಲೆ ನೀವು ನಿಜ ಹೇಳಿದರೂ ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮೊದಲು ಜೀನ್ ವಿಷಯಕ್ಕೇ ಬರೋಣ. ಗಾಂಜಾ ಸೇದಿದವರ ಡಿಎನ್‌ಎ ಅಕ್ಷರಗಳೇ ಅಳಿಸಿಹೋಗಿ ವಂಶವೇ ಕೆಡುತ್ತದೆ ಅನ್ನುವುದಕ್ಕೆ ಮನುಷ್ಯರಲ್ಲಿ ಗಟ್ಟಿ ಪುರಾವೆ ಇಲ್ಲ. ಕಂಡಿರುವುದು ಬೇರೆ. ಡಿಎನ್‌ಎ ಮೇಲೆ ಮೀಥೈಲ್ ಅನ್ನುವ ಪುಟ್ಟ ರಾಸಾಯನಿಕ ಗುರುತುಗಳು ಕೂತಿರುತ್ತವೆ. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದರಲ್ಲಿ ಅವುಗಳ ಪಾತ್ರ ದೊಡ್ಡದು. ಗಾಂಜಾ ಆ ಗುರುತುಗಳನ್ನು ಅಲ್ಲಲ್ಲಿ ಬದಲಾಯಿಸುತ್ತದೆ ಅನ್ನುವ ಸೂಚನೆಗಳಿವೆ.

2018ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 24 ಗಂಡಸರ ವೀರ್ಯ ಪರೀಕ್ಷಿಸಿದರು. ಅರ್ಧ ಜನ ಗಾಂಜಾ ಸೇದುವವರು, ಅರ್ಧ ಜನ ಸೇದದವರು. ಸೇದುವವರ ವೀರ್ಯಾಣುಗಳಲ್ಲಿ ಈ ಗುರುತುಗಳು ಬೇರೆ ಥರ ಇದ್ದವು. ಮೂತ್ರದಲ್ಲಿ ಟಿಎಚ್‌ಸಿ, ಅಂದರೆ ಗಾಂಜಾದಲ್ಲಿ ಅಮಲೇರಿಸುವ ಅಂಶ, ಜಾಸ್ತಿ ಇದ್ದವರಲ್ಲಿ ವ್ಯತ್ಯಾಸವೂ ಜಾಸ್ತಿ. ಇಷ್ಟಕ್ಕೇ ಹೆಡ್‌ಲೈನ್‌ಗಳು ಎದ್ದುಬಿಟ್ಟವು. ಬರೀ 24 ಜನ ಅನ್ನುವುದನ್ನು ಯಾರೂ ದೊಡ್ಡಕ್ಷರದಲ್ಲಿ ಹಾಕಲಿಲ್ಲ. ಆ ಬದಲಾವಣೆ ಮಕ್ಕಳಿಗೆ ದಾಟುತ್ತದೆ ಅಂತ ಮನುಷ್ಯರಲ್ಲಿ ಸಾಬೀತಾಗಿಲ್ಲ ಅನ್ನುವುದನ್ನೂ ಹಾಕಲಿಲ್ಲ.

ಅದೇ ತಂಡ ಆಮೇಲೆ ಮಾಡಿದ ಕೆಲಸ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಸೇದುವವರಿಗೆ 77 ದಿನ ಬಿಡಿ ಅಂದರು. ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಅದಕ್ಕೇ ಆ ಲೆಕ್ಕ. ಮತ್ತೆ ಪರೀಕ್ಷಿಸಿದಾಗ ವ್ಯತ್ಯಾಸ ಎಷ್ಟೋ ಕಡಿಮೆಯಾಗಿತ್ತು. ಮಗು ಬೇಕು ಅಂದುಕೊಂಡಿರುವ ಗಂಡಸರಿಗೆ ಇದಕ್ಕಿಂತ ಉಪಯೋಗದ ಮಾತು ಬೇಕಾ? ಮೂರು ತಿಂಗಳು ಮೊದಲೇ ಬಿಡಿ. ಡೆನ್ಮಾರ್ಕ್‌ನಲ್ಲಿ 1,215 ಯುವಕರನ್ನು ನೋಡಿದ 2015ರ ಅಧ್ಯಯನದಲ್ಲೂ ವಾರಕ್ಕೊಮ್ಮೆಗಿಂತ ಹೆಚ್ಚು ಸೇದುವವರ ವೀರ್ಯಾಣು ಸಾಂದ್ರತೆ 28% ಕಡಿಮೆ ಇತ್ತು. ಹೆಂಗಸರ ವಿಷಯದಲ್ಲಂತೂ ಅನುಮಾನವೇ ಬೇಡ. ಟಿಎಚ್‌ಸಿ ಗರ್ಭದಲ್ಲಿರುವ ಮಗುವನ್ನು ತಲುಪುತ್ತದೆ, ಎದೆಹಾಲಿಗೂ ಸೇರುತ್ತದೆ. ಬಸುರಿ ಸೇದಿದರೆ ಮಗುವಿನ ತೂಕ ಕಡಿಮೆ ಆಗುವ ಸಾಧ್ಯತೆ ಜಾಸ್ತಿ.

ಈಗ ನನಗೆ ನಿಜವಾಗಿ ಭಯ ಹುಟ್ಟಿಸುವ ವಿಷಯ. ಮಿದುಳು.

ಸ್ವೀಡನ್‌ನಲ್ಲಿ 1969-70ರಲ್ಲಿ ಸೈನ್ಯಕ್ಕೆ ಕರೆಸಿದ 45,570 ಹುಡುಗರನ್ನು ಗಾಂಜಾ ಸೇದಿದ್ದೀರಾ ಅಂತ ಕೇಳಿ ಬರೆದಿಟ್ಟುಕೊಂಡಿದ್ದರು. 15 ವರ್ಷ ಅವರ ಆಸ್ಪತ್ರೆ ದಾಖಲೆ ನೋಡಿದರು. ಆ ವಯಸ್ಸಿಗೇ 50ಕ್ಕೂ ಹೆಚ್ಚು ಸಲ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ತೀವ್ರ ಮಾನಸಿಕ ಕಾಯಿಲೆ), ಸೇದದವರಿಗಿಂತ ಆರು ಪಟ್ಟು ಕಂಡಿತು. ಬೇರೆ ಕಾರಣಗಳನ್ನು ಕಳೆದಾಗ ಆ ಅಂಕಿ ಇಳಿಯಿತು, ಆದರೆ ಮಾಯವಾಗಲಿಲ್ಲ. ಇದು ಹಳೇ ಕಾಲದ ಮಾಲಿನ ಕಥೆ. ಈಗಿನದು ಅದಕ್ಕಿಂತ ಎಷ್ಟೋ ಸ್ಟ್ರಾಂಗ್. 2019ರಲ್ಲಿ ಬಂದ, ಯುರೋಪ್ ಮತ್ತು ಬ್ರೆಜಿಲ್‌ನ 11 ಕಡೆ ನಡೆದ ಅಧ್ಯಯನದಲ್ಲಿ, 10% ಅಥವಾ ಅದಕ್ಕಿಂತ ಹೆಚ್ಚು ಟಿಎಚ್‌ಸಿ ಇರುವ ಮಾಲನ್ನು ದಿನಾ ಬಳಸುವವರಲ್ಲಿ ಸೈಕೋಸಿಸ್, ಅಂದರೆ ವಾಸ್ತವದ ಅರಿವೇ ತಪ್ಪುವ ಸ್ಥಿತಿಯ ಸಾಧ್ಯತೆ, ಎಂದೂ ಬಳಸದವರಿಗಿಂತ ಐದು ಪಟ್ಟಿನ ಹತ್ತಿರ ಇತ್ತು.

ಸೇದಿದವರಿಗೆಲ್ಲ ಹುಚ್ಚು ಹಿಡಿಯುತ್ತದೆ ಅಂತ ಇದರ ಅರ್ಥವಲ್ಲ. ಸ್ಕಿಜೋಫ್ರೇನಿಯಾ ಬರುವುದೇ ಹೆಚ್ಚೆಂದರೆ ನೂರರಲ್ಲಿ ಒಬ್ಬರಿಗೆ. ಹಾಗಾಗಿ ಸೇದುವ ಬಹುಪಾಲು ಜನರಿಗೆ ಅದು ಬರುವುದಿಲ್ಲ. ಆದರೆ ಬರುವವರಲ್ಲಿ ತಾನಿರುತ್ತೇನಾ ಅಂತ ಸೇದುವವನಿಗೆ ಮೊದಲೇ ಗೊತ್ತಾಗುವುದಿಲ್ಲ, ಅಲ್ವಾ?

ಜೀನ್ ಮಾತು ನಿಜವಾಗಿ ಮುಖ್ಯವಾಗುವುದು ಇಲ್ಲಿ. 2018ರಲ್ಲಿ ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿದ ಅಧ್ಯಯನ ಇನ್ನೊಂದು ದಿಕ್ಕನ್ನೂ ತೋರಿಸಿತು. ಸ್ಕಿಜೋಫ್ರೇನಿಯಾಕ್ಕೆ ಹುಟ್ಟಿನಿಂದಲೇ ಒಲವಿರುವವರು ಗಾಂಜಾ ಕಡೆ ಹೋಗುವ ಸಾಧ್ಯತೆಯೂ ಹೆಚ್ಚು. ಅಂದರೆ ಯಾರು ಮುಟ್ಟಲೇಬಾರದೋ, ಅವರನ್ನೇ ಅದು ಜಾಸ್ತಿ ಎಳೆಯುತ್ತದೆ.

ಇನ್ನೊಂದು ತೊಂದರೆ ಇದೆ, ಇದನ್ನು ಸೇದುವವರೇ ಬೇಗ ಗುರುತಿಸುವುದಿಲ್ಲ. ವರ್ಷಗಟ್ಟಲೆ ಸೇದಿದ ಕೆಲವರಿಗೆ ವಿಪರೀತ ವಾಂತಿ ಶುರುವಾಗುತ್ತದೆ. ಬಿಸಿ ನೀರಿನ ಕೆಳಗೆ ಗಂಟೆಗಟ್ಟಲೆ ನಿಂತರೆ ಮಾತ್ರ ಸಮಾಧಾನ. ಗಾಂಜಾ ವಾಕರಿಕೆಗೆ ಔಷಧಿ ಅಂತ ಕೇಳಿರುತ್ತಾರೆ, ಅದಕ್ಕೇ ಇನ್ನಷ್ಟು ಸೇದುತ್ತಾರೆ. ಪೂರ್ತಿ ಬಿಟ್ಟರಷ್ಟೇ ಅದು ನಿಲ್ಲುತ್ತದೆ.

ಅಪ್ಪ ಅಮ್ಮಂದಿರೇ, ಹುಟ್ಟದ ಮೊಮ್ಮಕ್ಕಳ ಡಿಎನ್‌ಎ ಬಗ್ಗೆ ಭಾಷಣ ಬಿಡಿ. ಮನೆತನದಲ್ಲಿ ಯಾರಿಗೆ ಮಾನಸಿಕ ಕಾಯಿಲೆ ಇತ್ತು, ಯಾವ ವಯಸ್ಸಿಗೆ ಶುರುವಾಯಿತು ಅನ್ನುವುದನ್ನು ಮಕ್ಕಳಿಗೆ ಹೆಸರು ಹಿಡಿದು ಹೇಳಿ. ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಡಬೇಡಿ. ಸೇದುವ ಮಗ ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ, ಗೋಡೆಯಾಚೆ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಅನ್ನತೊಡಗಿದರೆ ಅದೇ ವಾರ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಗಾಂಜಾ ವಿಷಯವನ್ನೂ ಅವರಿಗೆ ಬಿಚ್ಚಿ ಹೇಳಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ, ಎಲ್ಲವನ್ನೂ.