ಚಾರ್ಜರ್ ಆಯ್ಕೆ ದಡದಿಂದ ಶುರುವಾಗಲಿ

ಗೆಳೆಯರೇ, ನಮಸ್ಕಾರ.

ವಿದ್ಯುತ್ ದೋಣಿ ಮಾಡಿಸುವವರು ಮೋಟಾರಿನ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಬ್ಯಾಟರಿಯನ್ನೂ ಅಳೆದು ತೂಗಿ ತರುತ್ತಾರೆ. ಚಾರ್ಜರ್ ಸರದಿ ಬಂದಾಗ ಮಾತ್ರ ಸಿಕ್ಕಿದ್ದು ಸಾಕು ಅಂತ ಬಿಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರುತ್ತದೆ. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎನ್ನುವುದು ಬಹಳಷ್ಟು ಮಟ್ಟಿಗೆ ಚಾರ್ಜರ್ ಕೈಯಲ್ಲೇ ಇದೆ.

ಎಷ್ಟು ಆಂಪಿಯರ್ ತಗೊಳ್ಳಲಿ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೂ ಮುಂಚೆ ದಡದ ಕಡೆ ನೋಡಿ. ದೋಣಿ ಅಲ್ಲಿ ಎಷ್ಟು ಗಂಟೆ ನಿಲ್ಲುತ್ತದೆ? ಅಲ್ಲಿರುವ ಸಾಕೆಟ್ ಎಷ್ಟು ತಾಳುತ್ತದೆ? 48 ವೋಲ್ಟ್, 200 ಆಂಪಿಯರ್-ಅವರ್ ಬ್ಯಾಟರಿ ಅಂದರೆ 9.6 ಯೂನಿಟ್. ದಿನಕ್ಕೆ ಅರ್ಧ ಖರ್ಚಾಯಿತು ಅಂದುಕೊಳ್ಳಿ. ರಾತ್ರಿ 10 ಗಂಟೆ ನಿಲ್ಲುವ ದೋಣಿಗೆ 15–20 ಆಂಪಿಯರ್ ಚಾರ್ಜರ್ ಸಾಕು. ಎರಡು ಸುತ್ತುಗಳ ನಡುವೆ 2 ಗಂಟೆಯಲ್ಲೇ ತುಂಬಬೇಕಾದರೆ 50 ಆಂಪಿಯರ್ ಬೇಕು. ಅದು ಸಾಕೆಟ್‌ನಿಂದ ಹತ್ತಿರ ಹತ್ತಿರ 3 ಕಿಲೋವಾಟ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಸಡಿಲವಾದ ಪ್ಲಗ್ ಇದ್ದರೆ ಕಾದು ಕರಗುತ್ತದೆ.

ಹಾಗಂತ ದೊಡ್ಡ ಚಾರ್ಜರ್ ತಂದರೆ ಯಾವ ಬ್ಯಾಟರಿಯಾದರೂ 2 ಗಂಟೆಯಲ್ಲಿ ತುಂಬುತ್ತದೆ ಅಂದುಕೊಳ್ಳಬೇಡಿ. ಲೆಡ್ ಆಸಿಡ್ ಬ್ಯಾಟರಿ ಸುಮಾರು 80 ಪರ್ಸೆಂಟ್‌ವರೆಗೆ ಬೇಗ ತುಂಬುತ್ತದೆ. ಆಮೇಲೆ ತಾನೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ. ಕೊನೆಯ 20ಕ್ಕೆ ಗಂಟೆಗಟ್ಟಲೆ ಬೇಕು, ಚಾರ್ಜರ್ ಎಷ್ಟೇ ದೊಡ್ಡದಿರಲಿ. ದಿನಾ ಅರೆಬರೆ ತುಂಬಿ ಹೊರಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಬ್ಯಾಟರಿ ಸೊರಗುತ್ತದೆ. ಹೀಗಾಗಿ ಲೆಡ್ ಬ್ಯಾಟರಿಯ ದೋಣಿಗೆ ದೊಡ್ಡ ಚಾರ್ಜರ್‌ಗಿಂತ ಉದ್ದನೆಯ ರಾತ್ರಿ ಮುಖ್ಯ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಗಲ್ಲ, ಹೆಚ್ಚುಕಡಿಮೆ ಕೊನೆಯವರೆಗೂ ಪೂರ್ತಿ ಕರೆಂಟ್ ತಗೊಳ್ಳುತ್ತದೆ. ಆದರೆ ವೋಲ್ಟೇಜ್ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಂದು ಸೆಲ್‌ಗೆ 3.65 ವೋಲ್ಟ್, 48 ವೋಲ್ಟ್ ಬ್ಯಾಟರಿಯ 16 ಸೆಲ್‌ಗೆ 58.4. ಅದು ಮೇಲಿನ ಮಿತಿ. ಅದಕ್ಕಿಂತ ಸ್ವಲ್ಪ ಕೆಳಗೇ ನಿಲ್ಲಿಸಿದರೆ ಒಳ್ಳೆಯದು. ಲೆಡ್‌ಗೆಂದು ಮಾಡಿದ ಚಾರ್ಜರ್‌ನಲ್ಲಿ ಈಕ್ವಲೈಸ್ ಹಂತ (ಎಲ್ಲ ಸೆಲ್‌ಗಳನ್ನೂ ಸಮ ಮಾಡಲು ವೋಲ್ಟೇಜ್ ಏರಿಸುವ ಹಂತ) ಇದ್ದರೆ ವೋಲ್ಟೇಜ್ 60 ದಾಟಬಹುದು. ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್, ಅಂದರೆ ಬಿಎಂಎಸ್ ಇದೆಯಲ್ಲ, ಅದು ತಡೆಯುತ್ತದೆ ಅನ್ನುತ್ತೀರಿ. ತಡೆಯುತ್ತದೆ ನಿಜ. ಆದರೆ ಅದು ಕೊನೆಯ ಕಾವಲುಗಾರ, ದಿನಾ ಅದರ ಕೈಯಲ್ಲೇ ಬಾಗಿಲು ಹಾಕಿಸಬಾರದು. ಮತ್ತೆ, ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನು ಚಾರ್ಜ್ ಮಾಡಲೇಬೇಡಿ.

ದೋಣಿಯ ಹೊಟ್ಟೆಯಲ್ಲಿ ಸೆಕೆ ಜಾಸ್ತಿ, ಅಲ್ವಾ? ಲೆಡ್‌ಗೆ ಅದೂ ಲೆಕ್ಕಕ್ಕೆ ಬರುತ್ತದೆ. 48 ವೋಲ್ಟ್ ಲೆಡ್ ಬ್ಯಾಟರಿಯಲ್ಲಿ 24 ಸೆಲ್. 10 ಡಿಗ್ರಿ ಬಿಸಿ ಏರಿದರೆ ಚಾರ್ಜಿಂಗ್ ವೋಲ್ಟೇಜ್ ಒಟ್ಟು ಸುಮಾರು 0.7 ವೋಲ್ಟ್ ಇಳಿಯಬೇಕು. ಬಿಸಿ ಅಳೆಯುವ ಸೆನ್ಸರ್ ಇರುವ ಚಾರ್ಜರ್ ಇದನ್ನು ತಾನೇ ಮಾಡುತ್ತದೆ. ಆ ಸೆನ್ಸರ್ ಬ್ಯಾಟರಿಗೇ ಅಂಟಿರಲಿ. ಲೆಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು 4 ಪರ್ಸೆಂಟ್ ಸೇರಿದರೆ ಒಂದು ಕಿಡಿ ಸಾಕು. ಬ್ಯಾಟರಿ ಪೆಟ್ಟಿಗೆಗೆ ಮೇಲಿನಿಂದ ಗಾಳಿ ಹೋಗುವ ದಾರಿ ಇರಲಿ, ಚಾರ್ಜರ್ ಬ್ಯಾಟರಿಯ ನೆತ್ತಿಯ ಮೇಲೆ ಬೇಡ.

ನೀರು ಹೊಗದಂತೆ ಸೀಲ್ ಮಾಡಿದ ಐಪಿ67 ಚಾರ್ಜರ್ ಇಲ್ಲಿಗೆ ಸರಿ. ಫ್ಯಾನ್ ಇರುವುದು ಉಪ್ಪುಗಾಳಿಯನ್ನು ಒಳಗೆಳೆದುಕೊಂಡು ಬೇಗ ಕೆಡುತ್ತದೆ. ಆದರೆ ಸೀಲ್ ಆದದ್ದರ ಬಿಸಿ ಮೈಮೇಲಿನ ಲೋಹದ ರೆಕ್ಕೆಗಳ ಮೂಲಕವೇ ಹೋಗಬೇಕು, ಸುತ್ತ ಜಾಗ ಬಿಡಿ.

ದಡದ ಅರ್ಥ್ ತಂತಿಯನ್ನು ಬಹಳ ಜನ ಮರೆಯುತ್ತಾರೆ. ಅದರ ಮೂಲಕ ನಿಮ್ಮ ದೋಣಿ ಪಕ್ಕದ ದೋಣಿಗಳಿಗೂ ಜೋಡಿಕೊಳ್ಳುತ್ತದೆ, ನೀರಲ್ಲಿರುವ ಲೋಹ ಸುಮ್ನೆ ಸವೆಯುತ್ತಾ ಹೋಗುತ್ತದೆ. ಅರ್ಥ್ ಕತ್ತರಿಸುವುದು ಪರಿಹಾರವಲ್ಲ, ಅದು ಜೀವಕ್ಕೆ ಅಪಾಯ. ಅರ್ಥ್ ಉಳಿಸಿಕೊಂಡೇ ಲೋಹ ಸವೆಸುವ ಸಣ್ಣ ಕರೆಂಟನ್ನು ತಡೆಯುವ ಗ್ಯಾಲ್ವನಿಕ್ ಐಸೊಲೇಟರ್ ಹಾಕಿಸಿ.

ನನ್ನನ್ನು ಕೇಳಿದರೆ, 50 ಆಂಪಿಯರ್‌ನ ಒಂದು ಚಾರ್ಜರ್ ಬದಲು 25ರ ಎರಡನ್ನು ಪ್ಯಾರಲಲ್ ಆಗಿ ಹಾಕಿಸಿ. ಸಾಕೆಟ್ ಬಡಕಲಾಗಿದ್ದ ಕಡೆ ಒಂದನ್ನೇ ಹಚ್ಚಬಹುದು. ಒಂದು ಕೆಟ್ಟರೂ ಮಾರನೇ ದಿನ ಬೆಳಿಗ್ಗೆ ದೋಣಿ ಹೊರಡುತ್ತದೆ.