ಕಾಫಿ ತೋಟದ ನಡುವೆ ಒಂದು ಗೋರಿ: ಕೊಡಗಿನಲ್ಲಿ ನಮ್ಮ ಹಿರಿಯರನ್ನು ಹುಡುಕುವುದು ಹೇಗೆ?

[ದೃಶ್ಯ: ಕಾಫಿ ಗಿಡಗಳ ನಡುವೆ ಒಂದು ಖಾಲಿ ಜಾಗ. ಹಳೆಯ ದೇವಕಣಗಿಲೆ ಮರ. ಬುಡದಲ್ಲಿ ಪಾಚಿ ಹಿಡಿದ ಕಲ್ಲು.]

ನಮಸ್ಕಾರ. ಈ ಜಾಗ ನೋಡಿ. ಸುತ್ತ ಪೂರ್ತಿ ಕಾಫಿ. ಇಷ್ಟು ಜಾಗದಲ್ಲಿ ಮಾತ್ರ ಒಂದು ಗಿಡವೂ ಇಲ್ಲ. ಕೊಡಗಿನಲ್ಲಿ ಯಾರೂ ಸುಮ್ನೆ ಹೀಗೆ ಜಾಗ ಬಿಡುವುದಿಲ್ಲ. ಬಿಟ್ಟಿದ್ದಾರೆ ಅಂದರೆ ಕೆಳಗೆ ಯಾರೋ ಮಲಗಿದ್ದಾರೆ.

ಮಂಗಳೂರಿನಿಂದ ಒಬ್ಬ ಅಕ್ಕ ನಮಗೆ ಬರೆದಿದ್ದರು. ಅವರ ತಾತ ಸಿದ್ದಾಪುರ ಕಡೆಯ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದರಂತೆ. ಕಥೋಲಿಕ ಕುಟುಂಬ. ತಾತ ಅಲ್ಲೇ ತೀರಿಕೊಂಡರು, ಅಲ್ಲೇ ಎಲ್ಲೋ ಮಣ್ಣು ಮಾಡಿದರು. ಎಲ್ಲಿ ಅಂತ ಹೇಳಬಲ್ಲ ಅಜ್ಜಿಯೂ ಈಗಿಲ್ಲ. "ಒಂದು ಕಲ್ಲಾದರೂ ಇರಬಹುದಾ?" ಅಂತ ಕೇಳಿದ್ದರು. ಆ ಪ್ರಶ್ನೆ ಹಿಡಿದುಕೊಂಡೇ ಇಲ್ಲಿಗೆ ಬಂದಿದ್ದೇವೆ.

ಮೊದಲ ಪಾಠ ನಿಮಗೆ ಗೊತ್ತೇ ಇದೆ, ಬೇಗ ಮುಗಿಸುತ್ತೇನೆ. ಮನೆಯ ಹಿರಿಯರನ್ನು ಕೇಳಿ, ಹಳೆಯ ಫೋಟೋಗಳ ಹಿಂಭಾಗ ನೋಡಿ, ಎಸ್ಟೇಟಿನ ಹಳೆಯ ಹೆಸರು ಬರೆದುಕೊಳ್ಳಿ. ಅಷ್ಟೇ. ಈಗ ಹೊರಡೋಣ.

[ದೃಶ್ಯ: ಮಡಿಕೇರಿಯ ಗದ್ದಿಗೆ]

ಗೋರಿ ಹಿಡಿದು ಹೊರಟರೆ ಎಷ್ಟು ದೂರ ಹೋಗಬೇಕಾಗುತ್ತದೆ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಇದು ಮಡಿಕೇರಿಯ ಗದ್ದಿಗೆ. ಕೊಡಗನ್ನು ಆಳಿದ ಹಾಲೇರಿ ಅರಸರು ವೀರಶೈವರು, ಸುಡುವ ಪದ್ಧತಿ ಇಲ್ಲ. ಹಾಗಾಗಿ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರ ಇಬ್ಬರೂ ಇಲ್ಲೇ ಇದ್ದಾರೆ. ಲಿಂಗರಾಜನ ಮಗ ಚಿಕ್ಕವೀರರಾಜೇಂದ್ರ. 1834ರಲ್ಲಿ ಬ್ರಿಟಿಷರು ಅವನನ್ನು ಇಳಿಸಿ ಕಾಶಿಗೆ ಕಳಿಸಿದರು. ಅವನ ಮಗಳು ಗೌರಮ್ಮ. 1852ರಲ್ಲಿ ಅಪ್ಪನ ಜೊತೆ ಇಂಗ್ಲೆಂಡಿಗೆ ಹೋದಳು. ಅಲ್ಲಿ ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಅವಳಿಗೆ ಧರ್ಮಮಾತೆ. 1864ರಲ್ಲಿ ತೀರಿಕೊಂಡಳು. ಅವಳ ಗೋರಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಅಜ್ಜನ ಗದ್ದಿಗೆ ಮಡಿಕೇರಿಯಲ್ಲಿ, ಮೊಮ್ಮಗಳ ಗೋರಿ ಲಂಡನ್ನಿನಲ್ಲಿ. ಮನೆತನದ ಕಥೆಯೆಲ್ಲ ಈ ಎರಡು ಕಲ್ಲುಗಳ ನಡುವೆ ಇದೆ, ಅಲ್ವಾ?

[ದೃಶ್ಯ: ಮತ್ತೆ ತೋಟ. ಕಲ್ಲಿನ ಹತ್ತಿರ.]

ಅರಸರ ಮಾತಾಯಿತು. ತೋಟದೊಳಗೆ ಗೋರಿ ಬಂದದ್ದು ಹೇಗೆ? 1854ರಲ್ಲಿ ಫೌಲರ್ ಎಂಬ ಬಿಳಿಯ ಮಡಿಕೇರಿಯ ಹತ್ತಿರ ಕಾಡು ಕಡಿದು ಕಾಫಿ ತೋಟ ಮಾಡಿದ. ಮುಂದಿನ ಕೆಲವೇ ವರ್ಷಗಳಲ್ಲಿ ಪೆರುಂಬಾಡಿ ಘಾಟಿಯವರೆಗೆ ತೋಟಗಳು ಎದ್ದವು. ಊರು ದೂರ, ರಸ್ತೆ ಇಲ್ಲ, ಮಳೆ ಹಿಡಿದರೆ ಬಿಡುವುದಿಲ್ಲ. ಜ್ವರ ಬಂದು ಸತ್ತವರನ್ನು ಹತ್ತಿರದಲ್ಲೇ ಮಣ್ಣು ಮಾಡಲೇಬೇಕಿತ್ತು. ತೋಟದ ಬಿಳಿಯ ದೊರೆಗಳ ಮಕ್ಕಳಿಗೂ ಅಷ್ಟೇ.

ಇಂಥ ಕಲ್ಲುಗಳಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆ ಕಾಲದ ಇಂಗ್ಲಿಷ್ ಕಲ್ಲುಗಳಲ್ಲಿ, ಅದರಲ್ಲೂ ಮಕ್ಕಳ ಕಲ್ಲುಗಳಲ್ಲಿ, ವಯಸ್ಸನ್ನು ಬರೀ ವರ್ಷದಲ್ಲಿ ಬರೆದು ಬಿಡುವುದಿಲ್ಲ. ವರ್ಷ, ತಿಂಗಳು, ದಿನ ಮೂರನ್ನೂ ಕೆತ್ತಿಸಿರುತ್ತಾರೆ. ಉದಾಹರಣೆಗೆ ಒಂದು ಕಲ್ಲಿನ ಮೇಲೆ ಹೀಗಿದೆ ಅಂದುಕೊಳ್ಳಿ: ಸತ್ತದ್ದು 1878 ಆಗಸ್ಟ್ 12, ವಯಸ್ಸು 2 ವರ್ಷ, 3 ತಿಂಗಳು, 9 ದಿನ. ಹುಟ್ಟಿದ ದಿನ ಎಲ್ಲೂ ಇಲ್ಲ. ಈಗ ಹಿಂದಕ್ಕೆ ಎಣಿಸಿ. ಎರಡು ವರ್ಷ ಕಳೆದರೆ 1876 ಆಗಸ್ಟ್ 12. ಮೂರು ತಿಂಗಳು ಕಳೆದರೆ ಮೇ 12. ಒಂಬತ್ತು ದಿನ ಕಳೆದರೆ ಮೇ 3. ಮಗು ಹುಟ್ಟಿದ್ದು 1876ರ ಮೇ 3ಕ್ಕೆ. 30 ದಿನದ ತಿಂಗಳು, 31 ದಿನದ ತಿಂಗಳು ಅಂತ ಒಂದೆರಡು ದಿನ ಆಚೀಚೆ ಆಗಬಹುದು.

ಇದರಿಂದ ಏನಾಯಿತು? ಯಾವ ವರ್ಷದ, ಯಾವ ತಿಂಗಳ ಜ್ಞಾನಸ್ನಾನದ (ಬ್ಯಾಪ್ಟಿಸಂ) ದಾಖಲೆ ನೋಡಬೇಕು ಅಂತ ಗೊತ್ತಾಯಿತು. ಆ ದಾಖಲೆಯಲ್ಲಿ ಅಪ್ಪ, ಅಮ್ಮನ ಹೆಸರಿರುತ್ತದೆ, ಅಪ್ಪನ ಕೆಲಸವೂ ಇರುತ್ತದೆ. ಮನೆತನದ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಮಗು ಇಡೀ ಕುಟುಂಬವನ್ನು ತೋರಿಸಿಕೊಡುತ್ತದೆ. ಆ ಒಂಬತ್ತು ದಿನವನ್ನು ಕೆತ್ತಿಸಿದ ಅಪ್ಪ, ಅಮ್ಮ ನನಗೆ ಮತ್ತೆ ಮತ್ತೆ ನೆನಪಾಗುತ್ತಾರೆ. ಮಗು ಬದುಕಿದ ಒಂದು ದಿನವನ್ನೂ ಅವರು ಬಿಟ್ಟಿಲ್ಲ.

[ದೃಶ್ಯ: ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲು. ಏನೂ ಓದಲಾಗುವುದಿಲ್ಲ. ನಂತರ ಸಂಜೆ, ಬದಿಯಿಂದ ಟಾರ್ಚ್ ಬೆಳಕು.]

ಆದರೆ ಅಕ್ಷರವೇ ಕಾಣದಿದ್ದರೆ? ಇದು ಅದೇ ಕಲ್ಲು. ಮಧ್ಯಾಹ್ನ ಬರೀ ಪಾಚಿ. ಈಗ ಕತ್ತಲಾಗುತ್ತಿದೆ. ಟಾರ್ಚನ್ನು ಕಲ್ಲಿನ ಎದುರಿಗೆ ಹಿಡಿಯಬೇಡಿ, ಪಕ್ಕದಿಂದ, ಕಲ್ಲಿಗೆ ಒರಗಿಸಿದ ಹಾಗೆ ಹಿಡಿಯಿರಿ. ಕೆತ್ತಿದ ಗೆರೆಯೊಳಗೆ ನೆರಳು ನಿಲ್ಲುತ್ತದೆ, ಅಕ್ಷರ ಎದ್ದು ಬರುತ್ತದೆ. ಫೋಟೋ ತೆಗೆದುಕೊಳ್ಳಿ, ಮನೆಗೆ ಹೋಗಿ ಓದಿ.

ದಯವಿಟ್ಟು ತಂತಿ ಬ್ರಷ್‌ನಲ್ಲಿ ಉಜ್ಜಬೇಡಿ. ನಿಂಬೆಹಣ್ಣು, ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದೂ ಬೇಡ. ಅಮೃತಶಿಲೆ ಹುಳಿಗೆ ಕರಗುತ್ತದೆ. ನೂರೈವತ್ತು ವರ್ಷ ಕೊಡಗಿನ ಮಳೆ ತಡೆದ ಅಕ್ಷರವನ್ನು ನಾವು ಹತ್ತು ನಿಮಿಷದಲ್ಲಿ ಅಳಿಸಿಬಿಡುತ್ತೇವೆ. ನೀರು, ಮೆತ್ತನೆಯ ಬ್ರಷ್ ಸಾಕು. ಸುಮ್ನೆ ನೀರು ಚಿಮುಕಿಸಿದರೂ ಎಷ್ಟೋ ಸಲ ಅಕ್ಷರ ಕಾಣುತ್ತದೆ.

ಬಿಳಿಯರ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳ ದಾಖಲೆಗೆ ದಾರಿ ಸುಲಭ. ಬ್ರಿಟಿಷ್ ಕಾಲದ ಚರ್ಚ್ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. 1998ರಲ್ಲಿ ಶುರುವಾದ ಫಿಬಿಸ್ ಎಂಬ ಸಂಘ ಇಂಥ ದಾಖಲೆಗಳ ಸೂಚಿಯನ್ನು ಆನ್‌ಲೈನಿನಲ್ಲಿ ಉಚಿತವಾಗಿ ಇಟ್ಟಿದೆ. ಹಳೆಯ ಸ್ಮಶಾನಗಳಿಗಾಗಿಯೇ 1976ರಿಂದ ಕೆಲಸ ಮಾಡುತ್ತಿರುವ ಬಾಕ್ಸಾ ಸಂಸ್ಥೆಯೂ ಇದೆ.

ರೈಟರ್ ತಾತನ ದಾರಿ ಬೇರೆ. ಅವರನ್ನು ಚರ್ಚಿನ ರಿಜಿಸ್ಟರಿನಲ್ಲೇ ಹುಡುಕಬೇಕು. ಕೊಡಗಿನಲ್ಲಿ ಕಥೋಲಿಕರು ನೆನ್ನೆ ಮೊನ್ನೆ ಬಂದವರಲ್ಲ. ಟಿಪ್ಪುವಿನಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ 1792ರಲ್ಲಿ ದೊಡ್ಡವೀರರಾಜೇಂದ್ರನೇ ವಿರಾಜಪೇಟೆಯಲ್ಲಿ ಜಾಗ ಕೊಟ್ಟ. ಸಂತ ಅನ್ನಮ್ಮ ಚರ್ಚಿನ ಕಥೆ ಶುರುವಾಗುವುದು ಅಲ್ಲಿಂದ. ಹಳೆಯ ರಿಜಿಸ್ಟರ್ ನೋಡುವಾಗ ಒಂದು ಎಚ್ಚರ: ಹೆಸರು ಲ್ಯಾಟಿನ್‌ನಲ್ಲಿರಬಹುದು. ಜಾನ್ ಅಲ್ಲಿ ಜೊವಾನ್ನೆಸ್, ಜೇಮ್ಸ್ ಅಲ್ಲಿ ಯಾಕೋಬುಸ್. ಡಿಸೋಜ ಒಂದು ಪುಟದಲ್ಲಿ ಡೆ ಸೌಜಾ, ಇನ್ನೊಂದರಲ್ಲಿ ಬರೀ ಸೋಜ. ಪ್ರೊಟೆಸ್ಟೆಂಟ್ ಕುಟುಂಬವಾದರೆ ಬಾಸೆಲ್ ಮಿಷನ್ ಕಡೆ ನೋಡಿ. ಅಮ್ಮತ್ತಿ ಹತ್ತಿರದ ಆನಂದಪುರ ಅವರ ಊರು. ಮಿಷನ್ನಿನ ಹಳೆಯ ಕಾಗದಪತ್ರಗಳು ಮಂಗಳೂರಿನ ಬಲ್ಮಠದಲ್ಲಿವೆ.

ಸಮಯ ಜಾಸ್ತಿ ಆಗುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಕೊಡವರಲ್ಲಿ ಕಲ್ಲಿಗಿಂತ ಒಕ್ಕದ, ಅಂದರೆ ಮನೆತನದ, ಹೆಸರು ಮುಖ್ಯ. ಐನ್‌ಮನೆ (ಒಕ್ಕದ ಮೂಲ ಮನೆ), ಕೈಮಡ (ಹಿರಿಯರ ಗುಡಿ), ಒಕ್ಕದ ತೂಟಂಗಳ (ಸ್ಮಶಾನ) ಮೂರನ್ನೂ ನೋಡಿ. ಕಾರಣಂಗ್ ಕೊಡ್ಪ ದಿನ ಹಿರಿಯರಿಗೆ ಎಡೆ ಇಡುವಾಗ ಪಕ್ಕದಲ್ಲಿ ಕೂತು ಕೇಳಿ. ಅಜ್ಜನ ಹೆಸರೇ ಮೊಮ್ಮಗನಿಗೆ ಬರುವುದರಿಂದ ತಲೆಮಾರು ಗುರುತು ಹಾಕದೆ ಬರೆದರೆ ಗೊಂದಲ ಖಂಡಿತ. ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಆರ್‌ಟಿಸಿ (ಪಹಣಿ) ತೆಗೆಸಿ, ಯಾವತ್ತೋ ತೀರಿಕೊಂಡ ಪಟ್ಟೇದಾರರ (ಒಕ್ಕದ ಯಜಮಾನರ) ಹೆಸರು ಇನ್ನೂ ಅದರಲ್ಲೇ ಇರಬಹುದು. ಮಾಪಿಳ್ಳೆಯರ ಖಬರಸ್ಥಾನದಲ್ಲಿ ತಲೆಯ ಕಡೆ, ಕಾಲಿನ ಕಡೆ ಮೀಸಾನ್ ಕಲ್ಲುಗಳು ಇರುತ್ತವೆ. ಅವುಗಳ ಮೇಲೆ ಹೆಸರು ಇಲ್ಲದಿದ್ದರೂ ಇದು ಯಾರದು ಅಂತ ಮಸೀದಿಯ ಹಿರಿಯರಿಗೆ ಗೊತ್ತಿರುತ್ತದೆ.

ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಬದುಕಿ ಸತ್ತವರಿಗೆ, ಯರವ ಬುಡಕಟ್ಟಿನವರಿಗೆ, ಘಟ್ಟ ಹತ್ತಿ ಬಂದ ಕೂಲಿಯವರಿಗೆ ಕಲ್ಲು ಹಾಕಿಸಿದವರು ಕಡಿಮೆ. ಈ ತೋಟಗಳನ್ನು ಎಬ್ಬಿಸಿದ್ದು ಅವರ ಕೈಗಳು. ಅವರ ಗುರುತು ಉಳಿದಿರುವುದು ಹಳೆಯ ಕೆಲಸಗಾರರ ಬಾಯಲ್ಲಿ ಮಾತ್ರ. ಅದಕ್ಕೇ ಹೇಳುತ್ತೇನೆ, ತೋಟಕ್ಕೆ ಹೋದರೆ ಮೊದಲು ಲೈನಿನ ಅಜ್ಜಿಯನ್ನು ಮಾತಾಡಿಸಿ, ಅವರ ಮನೆಯವರು ಎಲ್ಲಿ ಮಲಗಿದ್ದಾರೆ ಅಂತಲೂ ಕೇಳಿ ಬರೆದುಕೊಳ್ಳಿ.

ಮಂಗಳೂರಿನ ಅಕ್ಕಾ, ಮೊದಲು ತಾತನ ಚರ್ಚು ಯಾವುದು ಅಂತ ಪತ್ತೆ ಮಾಡಿ, ಸಾವಿನ ರಿಜಿಸ್ಟರ್ ನೋಡಿ. ಮಳೆಗಾಲದಲ್ಲಿ ಬರಬೇಡಿ, ಜಿಗಣೆ ಕಾಟ. ಕಾಫಿ ಕೊಯ್ಲಿನ ಹೊತ್ತಿಗೆ, ಜನವರಿಯಲ್ಲಿ ಬನ್ನಿ, ತೋಟದ ತುಂಬ ಕೇಳಲು ಜನ ಇರುತ್ತಾರೆ. ಎಸ್ಟೇಟಿನವರ ಒಪ್ಪಿಗೆ ತೆಗೆದುಕೊಳ್ಳಿ. ತೋಟಕ್ಕೆ ಆನೆ ಇಳಿದಿದೆಯಾ ಅಂತ ವಿಚಾರಿಸದೆ ಒಳಗೆ ಕಾಲಿಡಬೇಡಿ. ಟಾರ್ಚ್ ನಾವು ತರುತ್ತೇವೆ.