ಕೈಗೆ ಕೆಲಸ ಕೊಡಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಊರಿನ ಹಳೇ ಮನೆಯೊಂದರಲ್ಲಿ ಚರಿತ್ರೆಯ ಒಂದು ಸಂಜೆಯನ್ನು ಮತ್ತೆ ನಡೆಸಿ ತೋರಿಸುವುದು ಹೇಗೆ, ಹತ್ತು ನಿಮಿಷದಲ್ಲಿ ಹೇಳಿ ಅಂತ ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ನಿಜ ಹೇಳಬೇಕೆಂದರೆ ಅರ್ಧ ನಿಮಿಷ ಸಾಕು. ಪಾತ್ರ ಮಾಡುವವರ ಕೈಗೆ ಕೆಲಸ ಕೊಡಿ. ಅಷ್ಟೇ. ಉಳಿದ ಒಂಬತ್ತೂವರೆ ನಿಮಿಷವೂ ಇದನ್ನೇ ಹೇಳುತ್ತೇನೆ. ಯಾಕೆಂದರೆ ಮೇಷ್ಟ್ರಾಗಿದ್ದಾಗಿನಿಂದ ಹೇಳುತ್ತ ಬಂದಿದ್ದೇನೆ, ಎಲ್ಲರೂ ತಲೆ ಆಡಿಸುತ್ತಾರೆ, ಆಮೇಲೆ ಹೋಗಿ ನಾಟಕ ಕಂಪನಿಯಿಂದ ಬಾಡಿಗೆ ವೇಷ ತರುತ್ತಾರೆ.

ಸಿರಸಿ, ಸಿದ್ದಾಪುರದ ಕಡೆಯ ಕೇಳುಗರಲ್ಲಿ ಈಗ ಅರ್ಧ ಜನ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದೀರಿ, ರೇಡಿಯೋ ಪಕ್ಕದಲ್ಲಿದೆ, ಗೊತ್ತು ನನಗೆ. ಸುಲಿಯುತ್ತಲೇ ಇರಿ. ಈ ಮಾತು ನಿಮ್ಮದೇ.

ಉತ್ತರ ಕನ್ನಡದಲ್ಲಿ ಇಂಥ ಸಂಜೆ ಮಾಡಲು ವಿಷಯಕ್ಕೆ ಬರವಿಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದು ಎಲ್ಲರಿಗೂ ಗೊತ್ತು. ಆದರೆ ಮನೆಯೊಳಗೆ ಹೊಕ್ಕ ಚಳವಳಿ ಅದಲ್ಲ, ಕರನಿರಾಕರಣೆ. 1929ರಿಂದ ಈಚೆಗೆ ಬೆಳೆಯ ಬೆಲೆ ಪಾತಾಳಕ್ಕಿಳಿದಿತ್ತು, ಕಂದಾಯ ಮಾತ್ರ ಇದ್ದಲ್ಲೇ ಇತ್ತು. ಅಂಕೋಲೆ, ಸಿದ್ದಾಪುರದ ರೈತರು ಕೊಡುವುದಿಲ್ಲ ಅಂದರು. 1932ರ ಜನವರಿ 4ರಂದು ಗಾಂಧೀಜಿಯನ್ನು ಹಿಡಿದು ಒಳಗೆ ಹಾಕಿದ ಮೇಲಂತೂ ಸರ್ಕಾರದ ಬಿಗಿ ಇನ್ನೂ ಹೆಚ್ಚಾಯಿತು. ಜಮೀನು ಹೋಯಿತು, ದನ ಹೋಯಿತು, ಪಾತ್ರೆಪಗಡಿ ಹೋಯಿತು. ಜಪ್ತಿಯಾದ ಸೊತ್ತನ್ನು ಹರಾಜಿನಲ್ಲಿ ಕೊಂಡವರ ಮನೆಯೆದುರು ಹೆಂಗಸರು ಉಪವಾಸ ಕೂತರು. ಜೋಗಕ್ಕೆ ಹೋಗುವಾಗ ಮಾವಿನಗುಂಡಿಯಲ್ಲಿ ಬಸ್ಸಿಳಿದರೆ ಅವರ ನೆನಪಿನ ಸ್ಮಾರಕವಿದೆ. ಜಲಪಾತ ಎಲ್ಲಿಗೂ ಓಡುವುದಿಲ್ಲ, ಹತ್ತು ನಿಮಿಷ ಇಳಿಯಿರಿ.

ಸರಿ. ನಾವು ಮೊದಲ ಸಲ ಈ ಜಪ್ತಿಯ ಸಂಜೆ ಮಾಡಿದ್ದು ಸಿದ್ದಾಪುರ ಸೀಮೆಯ ಒಂದು ಹಳೇ ಮನೆಯಲ್ಲಿ. ಹೆಬ್ಬಾಗಿಲು, ಉದ್ದನೆ ಜಗಲಿ, ಮುಂದೆ ಅಂಗಳ, ಪಕ್ಕಕ್ಕೆ ಕೊಟ್ಟಿಗೆ. ನಾನೇ ಹನ್ನೆರಡು ಪುಟ ಸಂಭಾಷಣೆ ಬರೆದಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಮನೆಯ ಯಜಮಾನ ಎರಡು ಪುಟ ಭಾಷಣ ಮಾಡುತ್ತಾನೆ, ಮಾಮಲೇದಾರ, ಅಂದರೆ ತಾಲೂಕಿನ ಕಂದಾಯ ಅಧಿಕಾರಿ, ಒಂದೂವರೆ ಪುಟ ಗದರುತ್ತಾನೆ. ಮಾಮಲೇದಾರನೇ, ತಹಶೀಲ್ದಾರನಲ್ಲ. 1862ರಿಂದ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಅಲ್ಲಿ ಆ ಹುದ್ದೆಯ ಹೆಸರು ಅದೇ, ದಯವಿಟ್ಟು ಇದೊಂದನ್ನು ಸರಿಯಾಗಿ ಮಾಡಿ. ಭಾಷಣಗಳ ನಡುವೆ ಎಲ್ಲರೂ ಕೈ ಕಟ್ಟಿ ನಿಲ್ಲುವುದು.

ಅಂಗಳದ ಮೂಲೆಯಲ್ಲಿ ಸ್ವಲ್ಪ ಹೊಗೆ ಕಾಣಲಿ ಅಂತ ಆ ಮನೆಯ ಅಮ್ಮನನ್ನು ಕೇಳಿಕೊಂಡಿದ್ದೆ. ಎಪ್ಪತ್ತು ದಾಟಿದವರು. ದೊಡ್ಡ ಒಲೆ ಹೂಡಿ ಹಂಡೆಯಲ್ಲಿ ನೀರಿಟ್ಟರೆ ಸಾಕು ಅಂದೆ. ಅವರು ನನ್ನ ಮುಖ ನೋಡಿ, "ಸುಮ್ನೆ ನೀರು ಕಾಸಲೆ ಎಂಗೆ ಮಳ್ಳನ?" ಅಂದರು. ಸುಮ್ಮನೆ ನೀರು ಕಾಯಿಸಲು ನನಗೇನು ಹುಚ್ಚೇ ಅಂತ. ಹಿಂದಿನ ರಾತ್ರಿ ಸುಲಿದ ಹಸಿ ಅಡಿಕೆ ಇತ್ತು. ಬೆಳಿಗ್ಗೆ ಬೇಯಿಸಬೇಕಾಗಿದ್ದನ್ನು ನಮಗೋಸ್ಕರ ಸಂಜೆಗೆ ಇಟ್ಟುಕೊಂಡರು. ತಾಮ್ರದ ಹಂಡೆ, ಹೊರಮೈ ಮಸಿ ಹಿಡಿದು ಕಪ್ಪಗೆ, ಕಂಠದ ಹತ್ತಿರ ಮಾತ್ರ ತಾಮ್ರ ಕಾಣುತ್ತದೆ. ಒಳಗೆ ಹಳೇ ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ಬಣ್ಣದ ರಸ, ಬಿದ್ದ ಕೆಂಪು ನೀರು ತಳಮಳ ಕುದಿಯುತ್ತಿದೆ. ಅಡಿಕೆ ಮೇಲೆ ಬಂದು ಮುಳುಗುತ್ತಿದೆ. ಆ ಒಗರು ವಾಸನೆ ಜಗಲಿಯ ತುದಿಯವರೆಗೆ.

ನಮ್ಮ ಯಜಮಾನ ಪಾತ್ರಧಾರಿ ಭಾಷಣ ಮಾಡಿದ. ಹುಡುಗರು ಮೊಬೈಲು ನೋಡುತ್ತಿದ್ದರು. ಮಾಮಲೇದಾರ ಗದರಿದ. ಮಕ್ಕಳು ಬಾಳೆಕಾಯಿ ಚಿಪ್ಸು ತಿನ್ನುತ್ತಿದ್ದವು. ಆಮೇಲೆ ಅವನು "ಈ ಮನೆಯ ಪಾತ್ರೆಗಳನ್ನೆಲ್ಲ ಜಪ್ತಿ ಮಾಡಿ!" ಅಂದ. ಪೊಲೀಸ್ ವೇಷದ ಇಬ್ಬರು ಹುಡುಗರು ಬೇರೇನೂ ಕಾಣದೆ ನೇರ ಹಂಡೆಯ ಹತ್ತಿರ ಹೋದರು. ನಾನು ಅಟ್ಟದ ಮೇಲೆ ಖಾಲಿ ಕೊಪ್ಪರಿಗೆ ಇಡಿಸಿದ್ದೆ, ಅದನ್ನು ಮರೆತುಬಿಟ್ಟಿದ್ದರು.

ಅಮ್ಮ ತೂತಿನ ಸೌಟು ಹಿಡಿದುಕೊಂಡೇ ಎದ್ದರು. "ತಮಾ, ಅಡಿಕೆ ಬೇಯ್ತಾ ಇದ್ದು. ಈಗ ಎತ್ತಲೆ ಆಗ್ತಿಲ್ಲೆ. ಅರ್ಧ ತಾಸು ಕುತ್ಗ."

ಇದು ನನ್ನ ಹನ್ನೆರಡು ಪುಟದಲ್ಲಿ ಇರಲಿಲ್ಲ. ಪೊಲೀಸರು ನನ್ನ ಕಡೆ ನೋಡಿದರು. ನಾನು ಮಾಮಲೇದಾರನ ಕಡೆ ನೋಡಿದೆ. ಅವನು ಊರಿನ ಹುಡುಗನೇ, ಬುದ್ಧಿವಂತ, ಜಗಲಿಯ ಅಂಚಿನಲ್ಲಿ ಹೋಗಿ ಕೂತುಬಿಟ್ಟ. ಅಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಇತ್ತು, ಪಕ್ಕದಲ್ಲಿ ಬುಟ್ಟಿ ತುಂಬ ಅಡಿಕೆ. ಹುಟ್ಟಿದಾಗಿನಿಂದ ಸುಲಿದು ರೂಢಿ, ಕೈ ಸುಮ್ಮನಿರುವುದಿಲ್ಲ. ಒಂದು ಸುಲಿದ, ಎರಡು ಸುಲಿದ. ಜಪ್ತಿಗೆ ಬಂದ ಅಧಿಕಾರಿ ಜಪ್ತಿಯ ಮನೆಯ ಅಡಿಕೆ ಸುಲಿಯುತ್ತಿದ್ದಾನೆ! ಯಾರೂ ನಗಲಿಲ್ಲ. ಬಂದ ಜನವೆಲ್ಲ ಹಂಡೆ ನೋಡುತ್ತ ಕೂತರು. ಇಪ್ಪತ್ತೈದು ನಿಮಿಷ ಒಂದು ಮಾತಿಲ್ಲ, ಕತ್ತಿಗೆ ಸಿಪ್ಪೆ ಹರಿಯುವ ಚರ್ ಚರ್ ಶಬ್ದ, ಸೌಟು ಹಂಡೆಗೆ ತಾಗುವ ಶಬ್ದ. ಅಮ್ಮ ಒಂದು ಅಡಿಕೆ ತೆಗೆದು ಉಗುರಿನಿಂದ ಒತ್ತಿ ನೋಡಿದರು, ಬೆಂದಿಲ್ಲ, ಮತ್ತೆ ಹಾಕಿದರು. ಎಲ್ಲರಿಗೂ ಗೊತ್ತಿತ್ತು, ಅದು ಬೆಂದ ಕೂಡಲೇ ಹಂಡೆ ಹೋಗುತ್ತದೆ.

ನಾನು "ಪಾತ್ರೆಪಗಡಿ ಜಪ್ತಿ ಮಾಡಿದರು" ಅಂತ ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಪಾತ್ರೆ ಅಂದರೆ ಪಾತ್ರೆ ಅಂದುಕೊಂಡಿದ್ದೆ. ಸುಗ್ಗಿಯಲ್ಲಿ ಹಂಡೆ ಹೋದರೆ ಸುಲಿದ ಅಡಿಕೆ ಬೇಯಿಸುವುದು ಎಲ್ಲಿ? ಬೇಯಿಸದಿದ್ದರೆ ಬೂಸಲು ಬರುತ್ತದೆ. ಅಡಿಕೆ ಕೆಟ್ಟರೆ ವರ್ಷದ ಹುಟ್ಟುವಳಿಯೇ ಹೋಯಿತು. ಅದು ನನಗೆ ತಿಳಿದದ್ದು ಆ ಒಲೆಯ ಮುಂದೆ, ಗ್ರಂಥಾಲಯದಲ್ಲಲ್ಲ.

ಕಡೆಗೆ ಅಮ್ಮ ಅಡಿಕೆಯನ್ನು ಬುಟ್ಟಿಗೆ ಬಸಿದರು. "ಈಗ ತಗಂಡು ಹೋಗಿ" ಅಂದರು. ಹುಡುಗರಿಗೆ ಹಂಡೆ ಮುಟ್ಟುವ ಧೈರ್ಯವಾಗಲಿಲ್ಲ. ಬಿಸಿ ಅಂತ ಆಮೇಲೆ ಹೇಳಿದರು. ನಾನು ನಂಬುವುದಿಲ್ಲ.

ಆದ್ದರಿಂದ ಕೈಗೆ ಕೆಲಸ ಕೊಡಿ. ನಿಮ್ಮೂರಲ್ಲಿ ಅಡಿಕೆ ಇಲ್ಲವೇ, ಭತ್ತ ಕುಟ್ಟಲಿ, ಬುಟ್ಟಿ ಹೆಣೆಯಲಿ, ನೂಲು ತೆಗೆಯಲಿ. ಗೊತ್ತಿರುವವರೇ ಮಾಡಲಿ. ನೂಲಲು ಬಾರದವರನ್ನು ಚರಕದ ಮುಂದೆ ಕೂರಿಸಿ ಫೋಟೋ ತೆಗೆಯಬೇಡಿ, ಅದು ನೋಡಿದರೆ ನನಗೆ ಮೈ ಉರಿಯುತ್ತದೆ.

ಒಳಗಿನಿಂದ ಸಮಯವಾಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ದೀಪದ ಬಗ್ಗೆ, ಊಟದ ಬಗ್ಗೆ ಹೇಳಬೇಕೆಂದಿತ್ತು. ದೀಪ: ಕರೆಂಟು ಆರಿಸಿ, ಲಾಟೀನು ಎರಡೇ ಇಡಿ, ಹುಲ್ಲಿನ ಗೊಣಬೆಯ ಹತ್ತಿರ ಬೇಡ. ಊಟ: ಅವಲಕ್ಕಿ ಸಾಕು. ಮೈಕು ಬೇಡ. ಎರಡು ನಿಮಿಷಕ್ಕೊಮ್ಮೆ ಜೈಕಾರವೂ ಬೇಡ. ಸ್ವಾಗತ ಭಾಷಣ ಮಾಡಲೇಬೇಕೆನ್ನುವ ಗಣ್ಯರಿದ್ದರೆ ಅವರಿಗೂ ಒಂದು ಮೆಟ್ಟುಗತ್ತಿ ಕೊಟ್ಟು ಕೂರಿಸಿ.

ಇನ್ನೊಂದು. ಚೊಗರಿನ ಕಲೆ ಯಾವ ಸೋಪಿಗೂ ಹೋಗುವುದಿಲ್ಲ. ಮಾಮಲೇದಾರನ ಕೋಟು ನಾವು ಬಾಡಿಗೆಗೆ ತಂದದ್ದು, ಬಾಡಿಗೆಯ ಮೂರು ಪಟ್ಟು ದಂಡ ಕಟ್ಟಿದೆವು. ಕೋಟು ಮನೆಯದೇ ಇರಲಿ. ನಮಸ್ಕಾರ.